ಏರದೆ ಉಳಿದ ಟ್ರೇಸ್

ಸ್ತನ ಕ್ಯಾನ್ಸರಿನ ಎಂಡಿಎ-ಎಂಬಿ-231 ಕೋಶಗಳಲ್ಲಿ ಸ್ಟಿಮ್1 ಎಂಬ ಪ್ರೋಟೀನನ್ನು ನಾಕ್‌ಡೌನ್ ಮಾಡಿ, ಅಂದರೆ ಅದರ ಪ್ರಮಾಣ ತಗ್ಗಿಸಿ, ಕ್ಯಾಲ್ಸಿಯಂ ಅಳೆಯುವ ಕೆಲಸ ನನಗೆ ಬಂದಾಗ ನಾನು ಪ್ರಯೋಗಾಲಯ ಸೇರಿ ಎಂಟು ತಿಂಗಳಾಗಿತ್ತು. ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದ ಕ್ಯಾಲ್ಸಿಯಂ ದಾಸ್ತಾನು ಬರಿದಾಗುತ್ತಿರುವುದನ್ನು ಅರಿತು, ಕೋಶದ ಹೊರಪೊರೆಯಲ್ಲಿರುವ ಒರಾಯ್1 ದ್ವಾರವನ್ನು ತೆರೆಸುವುದು ಈ ಸ್ಟಿಮ್1. ಇವೆರಡರಲ್ಲಿ ಯಾವುದನ್ನು ತಗ್ಗಿಸಿದರೂ ಇದೇ ಕೋಶಗಳ ಚಲನೆ ಕುಂದುತ್ತದೆ, ಇಲಿಗಳಲ್ಲಿ ಗಡ್ಡೆ ಹರಡುವುದು ಕಡಿಮೆಯಾಗುತ್ತದೆ ಎಂಬುದು 2009ರಲ್ಲೇ ಪ್ರಕಟವಾಗಿತ್ತು. ಹಾಗಾಗಿ ಟ್ರೇಸ್, ಅಂದರೆ ಕ್ಯಾಲ್ಸಿಯಂ ಏರಿಳಿತದ ಗೆರೆ, ಹೇಗೆ ಬರಬೇಕೆಂಬುದನ್ನು ಪ್ರಯೋಗಕ್ಕೆ ಮೊದಲೇ ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಆ ಸಂಜೆ, ಕ್ಯಾಲ್ಸಿಯಂ ತೋರಿಸುವ ಡೈ ಫ್ಯೂರಾ-2 ತುಂಬಿದ ನಾಕ್‌ಡೌನ್ ಕೋಶಗಳಿಗೆ ಕ್ಯಾಲ್ಸಿಯಂರಹಿತ ಬಫರಿನಲ್ಲಿ, ಒಳಗಿನ ದಾಸ್ತಾನನ್ನು ಬರಿದುಮಾಡುವ ಥ್ಯಾಪ್ಸಿಗಾರ್ಜಿನ್ ಹಾಕಿದೆ. ಸಣ್ಣ ಉಬ್ಬು ಬಂದು ಇಳಿಯಿತು. ಹತ್ತನೆಯ ನಿಮಿಷಕ್ಕೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಸೇರಿಸಿ ಪರದೆಯನ್ನೇ ನೋಡುತ್ತಾ ಕುಳಿತೆ. ಒಂದು ನಿಮಿಷ, ಎರಡು, ಐದು ನಿಮಿಷ ಕಳೆದರೂ ಕ್ಯಾಲ್ಸಿಯಂ ಮಟ್ಟ ಸೂಚಿಸುವ 340/380 ಅನುಪಾತ ಅಲುಗಲಿಲ್ಲ. ಕ್ಯಾಲ್ಸಿಯಂ ಪ್ರವೇಶ ಪೂರ್ತಿ ನಿಂತಿದೆಯೆಂದು ನಂಬಿ ಸಂಭ್ರಮಪಟ್ಟೆ. ಒರಾಯ್1 ಇಲ್ಲದೆಯೂ ಪೊರೆಯ ಮೂಲಕ ಕ್ಯಾಲ್ಸಿಯಮ್ಮನ್ನು ಒಳಗೆ ಬಿಡುವ ಐಯೊನೋಮೈಸಿನ್ ಕೊನೆಗೆ ಹಾಕಿದರೂ ಗೆರೆ ಏರಲಿಲ್ಲ. ಡೈ ಸೋರಿಹೋಗಿರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದು, ಸೋಮವಾರದ ಲ್ಯಾಬ್ ಮೀಟಿಂಗಿಗೆ ಸ್ಲೈಡ್ ಕಳಿಸಿದೆ. ಪ್ರೋಟೀನ್ ಎಷ್ಟು ಉಳಿದಿದೆಯೆಂದು ನೋಡುವ ವೆಸ್ಟರ್ನ್ ಬ್ಲಾಟಿನಲ್ಲಿ ಸ್ಟಿಮ್1 ಪಟ್ಟಿ ಮಸುಕಾಗಿಯಾದರೂ ಉಳಿದಿದ್ದುದನ್ನು ಕಂಡಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಕಂಟ್ರೋಲನ್ನೂ ಇದೇ ಬಾಟಲಿಯ ಬಫರಿನಲ್ಲಿ ಮಾಡಿದ್ದೀರಾ?" ಎಂದು ಹಿರಿಯ ಸಹೋದ್ಯೋಗಿ ಮೇಡಂ ಕೇಳಿದರು. ಮಾಡಿರಲಿಲ್ಲ. ಮೈಕ್ರೋಸ್ಕೋಪ್ ಬುಕಿಂಗ್ ಎರಡೇ ಗಂಟೆಗಳ ಕಾಲ ಸಿಗುವುದರಿಂದ ಕಂಟ್ರೋಲನ್ನು, ಅಂದರೆ ನಾಕ್‌ಡೌನ್ ಮಾಡದ ಕೋಶಗಳ ಅಳತೆಯನ್ನು, ಎರಡು ದಿನ ಮೊದಲೇ ಹಳೆಯ ಬಾಟಲಿಯಲ್ಲಿ ಮುಗಿಸಿದ್ದೆ. ಹೊಸ ಬಾಟಲಿಯಲ್ಲಿ ಕಂಟ್ರೋಲ್ ಕೋಶಗಳನ್ನು ಇಟ್ಟು ನೋಡಿದಾಗ ಅವುಗಳ ಟ್ರೇಸೂ ಏರಲಿಲ್ಲ. ಆ ಹತ್ತು ನಿಮಿಷ ನಾನು ಅವರತ್ತ ತಿರುಗಿ ನೋಡಲಾರದೆ ಕುಳಿತಿದ್ದೆ. ಬಫರಿಗೆ, ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇಜಿಟಿಎ ಸ್ಟಾಕನ್ನು ಬೆರೆಸುವಾಗ ಲೆಕ್ಕ ತಪ್ಪಿ, 0.5 ಮಿಲಿಮೋಲಾರ್ ಇರಬೇಕಾದಲ್ಲಿ 5 ಮಿಲಿಮೋಲಾರ್ ಮಾಡಿದ್ದೆ. ನಾನು ಹಾಕಿದ ಕ್ಯಾಲ್ಸಿಯಮ್ಮನ್ನೆಲ್ಲ ಅದೇ ಹಿಡಿದಿಟ್ಟುಕೊಂಡಿತ್ತು. ಒರಾಯ್1 ತೆರೆದಿದ್ದರೂ ಒಳಬರಲು ಹೊರಗೆ ಏನೂ ಇರಲಿಲ್ಲ. ಐಯೊನೋಮೈಸಿನ್ ಅದನ್ನೇ ಹೇಳಿತ್ತು, ನಾನು ಡೈಯನ್ನು ದೂರಿದ್ದೆ.

ಬಫರನ್ನು ಸರಿಯಾಗಿ ಮಾಡಿದ ಮೇಲೆ ನಾಕ್‌ಡೌನ್ ಕೋಶಗಳ ಟ್ರೇಸ್ ಕಂಟ್ರೋಲಿಗಿಂತ ತಗ್ಗಿನಲ್ಲಿ ಏರಿತು. ಬ್ಲಾಟಿನ ಆ ಮಸುಕು ಪಟ್ಟಿಗೆ ಅದು ಹೊಂದುತ್ತಿತ್ತು. ಸ್ಲೈಡನ್ನು ಹಿಂಪಡೆದೆ. ನಾಲ್ಕು ಗಂಟೆಗಳ ಕಾಲದ ಬುಕಿಂಗ್ ಕೊಡಬೇಕೆಂದು ಬರೆದ ಮನವಿಗೆ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಒಂದು ಬಾರಿಗೆ ಎರಡೇ ಡಿಶ್ ನೋಡುತ್ತೇನೆ, ಮೊದಲನೆಯದು ಕಂಟ್ರೋಲ್.