ಮೇಗರವಳ್ಳಿಯ ಮಳೆಯಲ್ಲಿ ಪ್ಯಾರಿಸ್‌ನ ಅಂಕಪಟ್ಟಿ

2024ರ ಆಗಸ್ಟ್ 10, ಶನಿವಾರ. ನಾಗರಪಂಚಮಿ ಹಿಂದಿನ ದಿನ ಮುಗಿದಿತ್ತು. ಆಶ್ಲೇಷ ಮಳೆ ಹಿಡಿದುಕೊಂಡಿತ್ತು. ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳನ್ನು ಕರೆದುಕೊಂಡು ನಾನು ಶಿವಮೊಗ್ಗದಲ್ಲಿ ತೀರ್ಥಹಳ್ಳಿಯ ಬಸ್ ಹತ್ತಿದೆ. ಮೇಗರವಳ್ಳಿಯ ಹತ್ತಿರ ದೊಡ್ಡಪ್ಪನ ಮನೆ. ಅವಳು ಶಾಲಾ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ನಾನು ಕಾಲೇಜು ಪಂದ್ಯಾವಳಿಗಳಲ್ಲಿ ಮೇಜಿನ ಹಿಂದೆ ಕುಳಿತು ಸ್ಕೋರ್‌ಶೀಟ್ ಬರೆಯುತ್ತೇನೆ. ಆ ರಾತ್ರಿ ಒಂದು ಗಂಟೆಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫೈನಲ್, ಅಮೆರಿಕ ಮತ್ತು ಫ್ರಾನ್ಸ್ ನಡುವೆ. ದೊಡ್ಡಪ್ಪನ ಮನೆಯಲ್ಲೇ ನೋಡುವುದೆಂದು ತೀರ್ಮಾನವಾಗಿತ್ತು.

ಗಾಜನೂರು ದಾಟಿದ ಮೇಲೆ ತುಂಗೆ ರಸ್ತೆಯ ಪಕ್ಕಕ್ಕೇ ಬಂದಳು, ಕೆಂಪಗೆ, ದಡ ತುಂಬಿಕೊಂಡು. ಸಕ್ರೆಬೈಲು ಕಳೆದು ಮಂಡಗದ್ದೆ ಬಂದಾಗ ಹುಡುಗಿ ಕಿಟಕಿಯ ಗಾಜು ಒರೆಸಿದಳು. ಹೊಳೆಯ ನಡುವಿನ ಮರಗಳ ಮೇಲೆಲ್ಲ ಬೆಳ್ಳಕ್ಕಿ, ನೀರುಕಾಗೆ. ಮತ್ತೆ ನೋಟುಪುಸ್ತಕಕ್ಕೆ ತಲೆ ಬಗ್ಗಿಸಿದಳು. ಪಂಚಮಿಯ ನಸುಕಿನಲ್ಲಿ ನೋಡಿದ ಸೆಮಿಫೈನಲ್ಲಿನ ಅಂಕಿಗಳನ್ನು ಅದರಲ್ಲಿ ಬರೆದುಕೊಂಡಿದ್ದಳು: ಅಮೆರಿಕ 95, ಸರ್ಬಿಯಾ 91. ಅಮೆರಿಕದ ಸ್ಟೀಫನ್ ಕರಿ 36 ಅಂಕ, ಮೂರು ಅಂಕದ ಒಂಬತ್ತು ಬುಟ್ಟಿ. ಅದೇ ತಂಡದ ಲೆಬ್ರಾನ್ ಜೇಮ್ಸ್ 16 ಅಂಕ, 12 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು), 10 ಅಸಿಸ್ಟ್ (ಬುಟ್ಟಿ ಹಾಕಿದವನಿಗೆ ಚೆಂಡು ಕೊಟ್ಟದ್ದು). ಮೂರನೇ ಕ್ವಾರ್ಟರ್ ಮುಗಿದಾಗ ಸರ್ಬಿಯಾ 13 ಅಂಕ ಮುಂದಿತ್ತು ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಮನೆ ಸೇರುವಾಗ ಕತ್ತಲಾಗಿತ್ತು. ಬಚ್ಚಲೊಲೆಯ ಬಿಸಿನೀರು, ನಮಗಾಗಿ ಇನ್ನೊಮ್ಮೆ ಬೇಯಿಸಿದ ಅರಿಶಿನ ಎಲೆಯ ಕಡುಬು. ದೊಡ್ಡಪ್ಪನಿಗೆ ತೋಟದ ಚಿಂತೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಹೊಳವಾಗಬೇಕು. ಮಳೆ ಬಿಡುವು ಕೊಡುತ್ತಿಲ್ಲ.

ಒಂದು ಗಂಟೆಗೆ ಪಂದ್ಯ ಶುರುವಾಯಿತು. ಅರ್ಧ ಮುಗಿದಾಗ ಅಮೆರಿಕ 49, ಫ್ರಾನ್ಸ್ 41. ಅಷ್ಟರಲ್ಲಿ ದೀಪ ಹೋಯಿತು, ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ ಕೂಡ. ಜಗುಲಿ, ಹಿತ್ತಿಲು, ಕೊಟ್ಟಿಗೆಯ ಮೂಲೆ, ಎಲ್ಲ ಕಡೆ ಫೋನ್ ಹಿಡಿದು ನೋಡಿದೆವು. ಎಲ್ಲಿಯೂ ಸಿಗಲಿಲ್ಲ. ಹುಡುಗಿ ಕಂಬಳಿ ಹೊದ್ದು ಮಲಗಿದಳು, ಆದರೆ ನಿದ್ದೆ ಮಾಡಲಿಲ್ಲ. ನನಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ದೊಡ್ಡಪ್ಪ ಅಂಗಳದ ಮಳೆಮಾಪಕದತ್ತ ಹೊರಟಾಗ ನಾವೂ ಛತ್ರಿ ಹಿಡಿದು ದಿಬ್ಬ ಹತ್ತಿದೆವು. ಅಲ್ಲಿ ಸಿಗ್ನಲ್ ಸಿಕ್ಕಿತು. ಚಿತ್ರವಾಗಲಿ ವಿಡಿಯೊವಾಗಲಿ ತೆರೆದುಕೊಳ್ಳಲಿಲ್ಲ, ಅಂಕಪಟ್ಟಿ ಮಾತ್ರ ಬಂತು. ಅಮೆರಿಕ 98, ಫ್ರಾನ್ಸ್ 87.

ಪಂದ್ಯ ನೋಡದೆ ಪಟ್ಟಿಯನ್ನಷ್ಟೇ ಓದುವ ಅವಕಾಶ ನನಗೆ ಅಪರೂಪ. ಒಂದೊಂದೇ ಸಾಲಿಗೆ ನಿಂತು ಓದಿದೆವು. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ 26 ಅಂಕ. ವಯಸ್ಸು ಇನ್ನೂ 20, ಇದೇ ಮೊದಲ ಒಲಿಂಪಿಕ್ಸ್. ಗೆರ್ಶನ್ ಯಾಬುಸೆಲೆ 20. ಆಮೇಲೆ ಕರಿಯ ಸಾಲು. 13 ಎಸೆತಕ್ಕೆ 8 ಬುಟ್ಟಿ, ಮೂರು ಅಂಕದ 12 ಎಸೆತಕ್ಕೆ 8. ಹುಡುಗಿ ಬೆರಳು ಮಡಚಿದಳು. ಎಂಟು ಮೂರಲಿ ಇಪ್ಪತ್ತನಾಲ್ಕು, ಅಂಕವೂ 24. ಅಂದರೆ ಎದುರಾಳಿಯ ಫೌಲಿಗೆ ಸಿಗುವ ಫ್ರೀ ಥ್ರೋನಿಂದ ಒಂದೂ ಬಂದಿಲ್ಲ, ಎರಡು ಅಂಕಕ್ಕೆ ಎಸೆದದ್ದು ಒಂದೇ ಸಲ, ಅದೂ ತಪ್ಪಿದೆ. ಇಡೀ ಸಂಪಾದನೆ 6.75 ಮೀಟರ್ ಗೆರೆಯ ಆಚೆಯಿಂದಲೇ ಬಂದದ್ದು.

ನಾನು ಅಷ್ಟೇ ಹೊತ್ತು ನಿಂತದ್ದು ಲೆಬ್ರಾನ್ ಸಾಲಿನ ಮುಂದೆ: 14 ಅಂಕ, 6 ರೀಬೌಂಡ್, 10 ಅಸಿಸ್ಟ್. ಚೆಂಡು ಕೊಟ್ಟವನ ಕೈಯನ್ನು ಕಣ್ಣು ಬೇಗ ಮರೆಯುತ್ತದೆ, ಪಟ್ಟಿ ಮರೆಯುವುದಿಲ್ಲ. ಈ ಕೆಲಸವನ್ನು ನಾನು ಇಷ್ಟಪಡುವುದೇ ಅದಕ್ಕಾಗಿ.

ಕೆಳಗಿಳಿದು ಬಂದು ದೊಡ್ಡಪ್ಪನಿಗೆ ತೋರಿಸಿದೆವು. ಅವರು ಮಳೆಯ ಪುಸ್ತಕದಲ್ಲಿ ಅಂದಿನ ಅಂಕಿ ಬರೆದು ಮುಗಿಸಿದ್ದರು. ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಕಂಬಸಾಲಾಗಿ ಓದಿದರು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಪತ್ರಿಕೆಯಲ್ಲಿ ಲಿಂಗನಮಕ್ಕಿಯ ಮಟ್ಟ, ಒಳಹರಿವು, ಹೊರಹರಿವು ನೋಡಿದ ಮೇಲೆಯೇ ಉಳಿದ ಸುದ್ದಿ. ಓದಿ ಕೇಳಿದರು: "ಈ ಕರಿ ಯಾವಾಗ ಹಾಕಿದನೆಂದು ಇದರಲ್ಲಿ ಎಲ್ಲಿದೆ?"

ಇಲ್ಲ ಎಂದೆ.

ಅವರು ತಮ್ಮ ಪುಸ್ತಕ ತಿರುಗಿಸಿ ಜುಲೈ ತಿಂಗಳ ಎರಡು ದಿನ ತೋರಿಸಿದರು. ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ. ಒಂದು ದಿನ ಮಳೆ ಬೆಳಗಿನಿಂದ ರಾತ್ರಿಯವರೆಗೆ ಸಣ್ಣಗೆ ಸುರಿದು ಗದ್ದೆಗೆ ಇಳಿದಿತ್ತು. ಇನ್ನೊಂದು ದಿನ ಸಂಜೆ ಒಂದೇ ಗಂಟೆಯಲ್ಲಿ ಹೊಯ್ದು ಕೆಳಗಿನ ಗದ್ದೆಯ ಬದು ಕೊಚ್ಚಿಕೊಂಡು ಹೋಗಿತ್ತು. ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಬದು' ಎಂದು ಬರೆದಿದ್ದರು.

ಆಗುಂಬೆಗೆ ಹೋಗುವ ಬಸ್ಸಿನಲ್ಲಿ ಹುಡುಗಿ ಸಿಗ್ನಲ್ ಸಿಕ್ಕಲ್ಲೆಲ್ಲ ಆ 'ಯಾವಾಗ' ಎಂಬುದನ್ನೇ ಹುಡುಕಿದಳು. ಸಿಕ್ಕಿತು. ಸುಮಾರು ಮೂರು ನಿಮಿಷ ಉಳಿದಿದ್ದಾಗ 82–79. ಫ್ರಾನ್ಸ್ ಮೂರೇ ಅಂಕ ಹಿಂದೆ, ತವರಿನ ಜನ ಎದ್ದು ನಿಂತಿದ್ದಾರೆ. ಅಲ್ಲಿಂದ ಕರಿ ಮೂರು ಅಂಕದ ನಾಲ್ಕು ಬುಟ್ಟಿ ಹಾಕಿದ್ದ. ಹಿಂದಿನ ಪಂದ್ಯಗಳನ್ನೂ ಕೂಡಿಸಿದಳು: ಮೊದಲ ನಾಲ್ಕರಲ್ಲಿ 11, 3, 8, 7, ಒಟ್ಟು 29. ಕೊನೆಯ ಎರಡರಲ್ಲೇ 60. ಆರು ಪಂದ್ಯಗಳ ಸರಾಸರಿ ತೆಗೆದರೆ ಹದಿನೈದಕ್ಕೂ ಕಡಿಮೆ. ಆ ಸರಾಸರಿಯಲ್ಲಿ ಮೊದಲ ವಾರದ ಬರವೂ ಇಲ್ಲ, ಕೊನೆಯ ನೆರೆಯೂ ಇಲ್ಲ.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತರೆ ಹತ್ತು ಅಡಿ ಆಚೆ ಬರಿಯ ಮಂಜು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಆಗಸ್ಟ್ ತಿಂಗಳು ಬೇರೇನು ತೋರಿಸೀತು? ಚಹಾ ಕುಡಿದು ಹಿಂದಿರುಗಿದೆವು. ದಾರಿಯಲ್ಲಿ ಅವಳಿಗೆ 2014ರ ಜುಲೈ ತಿಂಗಳ ವುಹಾನ್ ಪಂದ್ಯದ ಕಥೆ ಹೇಳಿದೆ. ಭಾರತ 65, ಚೀನಾ 58; ಅದೂ ಚೀನಾದ ನೆಲದಲ್ಲಿ. ಈಗಲೂ ಆ 58 ನೆನೆದರೆ ನನ್ನ ಎದೆ ಉಬ್ಬುತ್ತದೆ. ಚೀನಾವನ್ನು ಅಷ್ಟಕ್ಕೆ ಕಟ್ಟಿಹಾಕಿದ್ದು ನಮ್ಮ ಹುಡುಗರು.

ಸಂಜೆ ಏಳರ ಹೊತ್ತಿಗೆ ಶಿವಮೊಗ್ಗದ ಮನೆಯಲ್ಲಿ ಮಹಿಳೆಯರ ಫೈನಲ್ ಮುಂದೆ ಕುಳಿತೆವು. ಮತ್ತೆ ಅಮೆರಿಕ, ಫ್ರಾನ್ಸ್. ಅಮೆರಿಕದ ಏಜಾ ವಿಲ್ಸನ್ 21 ಅಂಕ, 13 ರೀಬೌಂಡ್, 4 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು). ಕೊನೆಯ ಕ್ಷಣ ಅಮೆರಿಕ ಮೂರು ಅಂಕ ಮುಂದಿದ್ದಾಗ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. ಹುಡುಗಿ ಕೂಗಿಕೊಂಡು ಎದ್ದಳು. ಆದರೆ ಎಸೆಯುವಾಗ ವಿಲಿಯಮ್ಸ್ ಪಾದ ಮೂರು ಅಂಕದ ಗೆರೆಯನ್ನು ತುಳಿದಿತ್ತು. ಸಿಕ್ಕಿದ್ದು ಎರಡೇ ಅಂಕ. 67–66. ಪಟ್ಟಿಯಲ್ಲಿ ಅದು ಎರಡು ಅಂಕದ ಒಂದು ಬುಟ್ಟಿ, ವಿಲಿಯಮ್ಸ್ ಗಳಿಸಿದ 19ರೊಳಗೆ ಸೇರಿಹೋದ ಎರಡು.

ಅವಳು ನೋಟುಪುಸ್ತಕ ತೆಗೆದು ಎರಡೂ ತಂಡಗಳ ಅಂಕ ಬರೆದಳು. ವಿಲಿಯಮ್ಸ್ ಹೆಸರಿನ ಮುಂದೆ 19 ಹಾಕಿ, ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತಳು. ಆಮೇಲೆ ದೊಡ್ಡಪ್ಪನ ಪುಸ್ತಕದಲ್ಲಿದ್ದಂತೆಯೇ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಗೆರೆ' ಎಂದು ಬರೆದಳು.