ಮೆಣಸಿನಕಾಯಿ ಸುಟ್ಟ ಹುಡುಗರು ಮತ್ತು ನಮ್ಮ ಕನ್ನಡ ಗುರುಗಳು

ಗುರುಗಳು ತೀರಿಕೊಂಡ ಸುದ್ದಿ ತಿಳಿದ ದಿನವೇ ಬ್ಯಾಡಗಿ ಬಸ್ ಹತ್ತಿದೆ. ಮಣ್ಣು ಮಾಡಲು ಬಂದಿದ್ದ ಹಳೆಯ ಹುಡುಗರೆಲ್ಲ ಮೆಣಸಿನಕಾಯಿ ಸುಟ್ಟ ಕಥೆಯನ್ನೇ ಮಾತಾಡಿದರು. ಗುರುಗಳ ನೆನಪಿನ ಸಂಚಿಕೆಗೆ ಅದನ್ನೇ ಬರಿ ಅಂದರು.

ನಾವು ಒಂಬತ್ತನೇ ಇಯತ್ತೆ. ಗಣಿತದ ತಾಸು ತಪ್ಪಿಸಬೇಕಿತ್ತು. ಕಿಟಕಿ ಕೆಳಗೆ ಕೆಂಡ ಇಟ್ಟು ಒಂದು ಹಿಡಿ ಕಾಯಿ ಹಾಕಿದೆವು. ನಮ್ಮೂರಿನ ‘ಡಬ್ಬಿ’ ಜಾತಿಯ ಕಾಯಿ. ಯಾರೋ ಇಬ್ಬರು ಕೆಮ್ಮಿದರು, ಅಷ್ಟೇ. ಪಾಠ ನಡೆದೇ ಇತ್ತು. ಮರುದಿನ ಗೆಳೆಯನೊಬ್ಬ ಅಪ್ಪನ ಅಂಗಡಿಯಿಂದ ಗುಂಟೂರು ಕಾಯಿ ತಂದ. ಆಗ ನೋಡಿ, ಹೆಡ್ ಮಾಸ್ತರರ ಕೋಣೆಯೂ ಖಾಲಿ! ಇಡೀ ಶಾಲೆ ಮೈದಾನದಲ್ಲಿ ಕೆಮ್ಮುತ್ತ ನಿಂತಿತ್ತು.

ಬೆತ್ತ ಬೀಳುತ್ತದೆ ಅಂದುಕೊಂಡಿದ್ದೆವು. ಕನ್ನಡ ಗುರುಗಳು ನನ್ನನ್ನು ಕರೆದು, ‘ನಿನ್ನಿ ಸುಟ್ಟಾಗ ಬರಲಾರದ ಘಾಟು ಇವತ್ತ್ಯಾಕ ಬಂತೋ? ಮಾರ್ಕೆಟ್‌ಗೆ ಹೋಗಿ ಕೇಳ್ಕೊಂಡು ಬಾ. ಎರಡು ಪುಟ ಬರಿ’ ಅಂದರು.

ದಲಾಲಿ ಅಂಗಡಿ ಸುತ್ತಿ ಬರೆದೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬ್ಯಾಡಗಿಯಲ್ಲೂ ಎರಡು ಜಾತಿ: ಡಬ್ಬಿ ದುಂಡಗೆ, ಕಡ್ಡಿ ಉದ್ದಕ್ಕೆ. ಸಿಪ್ಪೆ ಸುಕ್ಕಾಗಿರಬೇಕು. ನಮ್ಮ ಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುತ್ತಾರೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಗುರುಗಳು ಓದಿದರು. ‘ಚಲೋ ಐತಿ. ಆದ್ರ ಬರೇ ವ್ಯಾಪಾರಸ್ಥರನ್ನ ಕೇಳೀದಿ. ತೊಟ್ಟು ಬಿಡಿಸೋ ಅವ್ವಂದಿರನ್ನ ಯಾರು ಕೇಳಬೇಕು?’ ಮತ್ತೆ ಹೋದೆ. ಅವರ ಅಂಗೈ ರಾತ್ರಿಯೆಲ್ಲ ಉರಿಯುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ನನ್ನೂರಲ್ಲೇ ಇದ್ದೂ ಗೊತ್ತಿರಲಿಲ್ಲ.

ಆ ವರ್ಷದ ವ್ಯಾಕರಣ ಒಂದೂ ನೆನಪಿಲ್ಲ. ಆದರೆ ಆ ಪ್ರಶ್ನೆಯಿಂದಲೇ ನನ್ನ ವೃತ್ತಿ ನಡೆಯಿತು. ಊಟದ ಬಗ್ಗೆ ಬರೆಯುವುದು ಅಂದರೆ ಸುಮ್ನೆ ತಿಂದು ಹೊಗಳುವುದು ಅಂತ ಬೆಂಗಳೂರಿನ ಪತ್ರಿಕೆಯಲ್ಲೂ ಎಷ್ಟೋ ಜನ ತಿಳಿದಿದ್ದರು. ಧಾರವಾಡ ಪೇಡೆ ಅಂದರೆ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದ ಕಥೆ ಎಲ್ಲರೂ ಬರೆಯುತ್ತಾರೆ. ನಾನು ಎಮ್ಮೆ ಹಾಲು ಕೊಡುವ ಗವಳಿಗರ ಮನೆಗೂ ಹೋದೆ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ರವೆ ಇಡ್ಲಿ ಮಾಡಿದೆವು ಅನ್ನುತ್ತದೆ ಎಂಟಿಆರ್. ಅದನ್ನು ಬರೆಯುವಾಗ ಆ ಕಾಲದ ರೇಷನ್ ಸಾಲಿನಲ್ಲಿ ನಿಂತಿದ್ದ ಅಜ್ಜಿಯರನ್ನು ಹುಡುಕಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ, ಇದು ಈ ಪ್ರದೇಶದ್ದೇ ಎಂದು ಸರ್ಕಾರ ಕೊಡುವ ಭೌಗೋಳಿಕ ಗುರುತು (ಜಿಐ) ಸಿಕ್ಕಾಗ ನಾನು ಮೊದಲು ಮಾತಾಡಿಸಿದ್ದು ಆ ಅವ್ವಂದಿರನ್ನೇ. ನನ್ನ ಅಂಕಣಕ್ಕೆಂದೇ ಭಾನುವಾರದ ಪತ್ರಿಕೆ ತರಿಸುತ್ತೇವೆ ಎಂದು ಬರೆದವರಿದ್ದಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ. ಗುರುಗಳೂ ಅದನ್ನು ಕತ್ತರಿಸಿ ಫೈಲು ಮಾಡಿಟ್ಟಿದ್ದರು ಅಂತ ಅವರ ಮಗಳು ತೋರಿಸಿದರು.

ಈಗ ನನ್ನ ಮೊಮ್ಮಗನಿಗೂ ‘ನಮ್ಮ ಆಹಾರ’ ಅಂತ ಪ್ರಾಜೆಕ್ಟ್ ಕೊಡುತ್ತಾರೆ. ಇಂಟರ್ನೆಟ್‌ನಿಂದ ಚಿತ್ರ ತೆಗೆದು ಪ್ರಿಂಟ್ ಹಾಕಿಸಿ ಅಂಟಿಸಿದರೆ ಅಂಕ ಬರುತ್ತದೆ. ಮಕ್ಕಳಲ್ಲಿ ಬುದ್ಧಿ ಕಡಿಮೆಯಿಲ್ಲ, ನಮಗಿಂತ ಜಾಸ್ತಿಯೇ ಇದೆ. ಹೊರಗೆ ಹೋಗಿ ಕೇಳು ಅನ್ನುವವರು ಬೇಕು, ಅಲ್ವಾ?

ನಮ್ಮ ಶಾಲೆಯಲ್ಲಿ ಈಗ ಬಿಸಿಯೂಟವಿದೆ. ಬೆಳಿಗ್ಗೆಯಿಂದ ಒಲೆ ಮುಂದೆ ನಿಲ್ಲುವ ಅಡುಗೆ ಅಕ್ಕಂದಿರೂ ಇದ್ದಾರೆ. ಗುರುಗಳ ಹೆಸರಲ್ಲಿ ಪ್ರತಿ ವರ್ಷ ಒಂದು ಬಹುಮಾನ ಇಡಲು ಹಣ ಕಟ್ಟಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ಆ ಅಕ್ಕಂದಿರನ್ನು ಮಾತಾಡಿಸಿ ಎರಡು ಪುಟ ಬರೆಯಬೇಕು. ಮೊದಲ ವರ್ಷದ್ದನ್ನು ನಾನೇ ಓದುತ್ತೇನೆ.