ಯಾವ ಒಂದು ಮಿಲಿಮೀಟರ್ ಬೇಕು?

ನರ್ಸರಿಗಳ ಕ್ಯಾಟಲಾಗಿಗೆ ಗಿಡಗಳ ಫೋಟೊ ತೆಗೆಯುವುದು ನನ್ನ ಕೆಲಸ. ಬೆಂಗಳೂರಿನ ಸಿದ್ದಾಪುರದ ಹಳೇ ನರ್ಸರಿಗಳಿಗೂ ಹೋಗುತ್ತೇನೆ, ಸರ್ಜಾಪುರ ರಸ್ತೆಯ ಹೊಸ ನರ್ಸರಿಗಳಿಗೂ ಹೋಗುತ್ತೇನೆ. ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಯಾವ ಲೆನ್ಸ್ ತಗೊಳ್ಳಲಿ ಅಂತ. ಲೆನ್ಸ್ ಆಮೇಲೆ ನೋಡೋಣ, ಈ ಹೂವಿನಲ್ಲಿ ಯಾವ ಒಂದು ಮಿಲಿಮೀಟರ್ ಸ್ಪಷ್ಟವಾಗಿ ಬರಬೇಕು ಹೇಳು ಅನ್ನುತ್ತೇನೆ.

ಇದು ಬರೀ ಮಾತಿಗೆ ಹೇಳಿದ್ದಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲ. ಅದಕ್ಕೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಹಾಕಿ 1:1 ಅಳತೆಗೆ, ಅಂದರೆ ಹೂ ಇದ್ದಷ್ಟೇ ದೊಡ್ಡದಾಗಿ ಸೆನ್ಸರಿನ ಮೇಲೆ ಬೀಳುವ ಅಳತೆಗೆ, ಹೋದರೆ 36 ಮಿ.ಮೀ. ಅಗಲದ ಜಾಗವೇ ಇಡೀ ಚಿತ್ರ. ಆಗ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟರೆ ಫೋಕಸ್ ಸಿಗುವ ಆಳ ಹೆಚ್ಚುಕಮ್ಮಿ 1 ಮಿ.ಮೀ., ಅದಕ್ಕಿಂತ ಕಿರಿದಾದ ಎಫ್ 16ರಲ್ಲಿ 2 ಮಿ.ಮೀ. ಕಿಂಡಿಯನ್ನು ಇನ್ನೂ ಕಿರಿದು ಮಾಡಿದರೆ ಡಿಫ್ರಾಕ್ಷನ್‌ನಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ, ಚಿತ್ರವೆಲ್ಲ ಮಂಕಾಗುತ್ತದೆ.

ದಾಸವಾಳವನ್ನೇ ತಗೊಳ್ಳಿ. ನಡುವಿನ ಕೇಸರದ ಕಡ್ಡಿ ದಳಗಳಿಗಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ. ಎದುರಿನಿಂದ ಅದರ ತುದಿಯ ಐದು ಗುಂಡುಗಳಿಗೆ ಫೋಕಸ್ ಮಾಡಿದರೆ ದಳ ಮಸುಕು, ದಳಕ್ಕೆ ಮಾಡಿದರೆ ಗುಂಡುಗಳು ಮಸುಕು. ಪಕ್ಕದಿಂದ, ಕಡ್ಡಿ ಸೆನ್ಸರಿಗೆ ಸಮಾನಾಂತರವಾಗುವ ಹಾಗೆ ನಿಂತರೆ ಆ ಒಂದೆರಡು ಮಿಲಿಮೀಟರಿನಲ್ಲೇ ಬುಡದಿಂದ ತುದಿವರೆಗೂ ಸಿಗುತ್ತದೆ. ಬೋಗನ್‌ವಿಲ್ಲಾದ ಲೆಕ್ಕವೇ ಬೇರೆ. ಅಲ್ಲಿ ನಿಜವಾದ ಹೂವೆಂದರೆ ನಡುವಿನ ಪುಟ್ಟ ಕೊಳವೆಗಳು. ಗಿರಾಕಿ ಮೆಚ್ಚಿ ಕೊಳ್ಳುವ ಬಣ್ಣ ಸುತ್ತಲಿನ ತೆಳು ಎಲೆಗಳದು. ಕ್ಯಾಟಲಾಗಿಗಾದರೆ ಆ ಎಲೆಗಳ ನರಗಳು ಸ್ಪಷ್ಟವಾಗಿ ಬಂದರೆ ಸಾಕು. ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ಹತ್ತಾರು ಚಿತ್ರ ತೆಗೆದು ಜೋಡಿಸುವ ಸ್ಟ್ಯಾಕಿಂಗ್ ಒಳ್ಳೆಯದೇ, ಆದರೆ ಗಿಡ ಅಲುಗಾಡಬಾರದು. ಆಷಾಢದ ಗಾಳಿಯಲ್ಲಿ ಆ ಆಸೆ ಬಿಡಿ. ಬೆಳಗ್ಗೆ ಬೇಗ ಹೋಗಿ, ಕುಂಡದಲ್ಲಿ ಒಂದು ಕೋಲು ನೆಟ್ಟು ಕಾಂಡವನ್ನು ಬಟ್ಟೆ ಕ್ಲಿಪ್ಪಿನಿಂದ ಅದಕ್ಕೆ ಹಿಡಿಸಿ.

ಬಣ್ಣದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಫೋನಿನಲ್ಲಿ ಚಿತ್ರ ನೋಡಿ ದುಡ್ಡು ಕೊಟ್ಟವರ ಮನೆಯಲ್ಲಿ ಅದೇ ಬಣ್ಣದ ಹೂ ಅರಳಬೇಕು. ನರ್ಸರಿಗಳ ಹಸಿರು ನೆರಳು ಬಲೆ ಇದಕ್ಕೆ ದೊಡ್ಡ ತೊಡಕು. ಅದರ ಕೆಳಗೆ ಮಲ್ಲಿಗೆ ತೆಗೆದರೆ ದಳದ ಮೇಲೆ ತೆಳು ಹಸಿರು ಕೂರುತ್ತದೆ. ಬಿಳಿ ಬಿಳಿಯಾಗೇ ಕಾಣುವಂತೆ ಮಾಡುವ ವೈಟ್ ಬ್ಯಾಲೆನ್ಸ್ ಸರಿಮಾಡಿದರೂ ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಹೂವಿನ ಒಂದು ಮಗ್ಗುಲಿಗೆ ಬಲೆಯ ಬೆಳಕು, ಇನ್ನೊಂದಕ್ಕೆ ಬಯಲಿನ ಬೆಳಕು. ಕುಂಡವನ್ನೇ ಹೊರಗೆ ತಂದು, ಗೋಡೆಯ ನೆರಳಿನಲ್ಲಿಟ್ಟು, ಪಕ್ಕಕ್ಕೊಂದು ಬಿಳಿ ಥರ್ಮಾಕೋಲ್ ಹಿಡಿಯುವುದೇ ವಾಸಿ.

ಕೆಂಪು ಹೂವಿಗೆ ಇನ್ನೊಂದು ಎಚ್ಚರ ಬೇಕು. ಬೆಳಕಿನ ಪ್ರಮಾಣ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಂ ನಕ್ಷೆ ಸರಿಯಾಗಿ ಕಂಡರೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳಲ್ಲಿ ಕೆಂಪು ಮಾತ್ರ ಮಿತಿ ಮೀರಿ, ದಳದ ಗೆರೆಗಳೆಲ್ಲ ಅಳಿಸಿಹೋಗಿರುತ್ತವೆ. ಮೂರೂ ಚಾನೆಲ್ ಬೇರೆ ಬೇರೆ ನೋಡಿ ಎಕ್ಸ್‌ಪೋಶರ್, ಅಂದರೆ ಒಳಗೆ ಬಿಡುವ ಬೆಳಕು, ಇಳಿಸಿ. ನೀಲಿ ಶಂಖಪುಷ್ಪ ಕ್ಯಾಮೆರಾದಲ್ಲಿ ನೇರಳೆ ಕಡೆಗೆ ವಾಲುತ್ತದೆ. ಒಂದು ಹೂ ಕಿತ್ತು ತಂದು, ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು, ಅದು ಬಾಡುವ ಮೊದಲೇ ಬಣ್ಣ ಹೊಂದಿಸುತ್ತೇನೆ.

ಇಷ್ಟಾದರೂ ನರ್ಸರಿಯ ಮಾಲಿಯನ್ನು ಕೇಳದೆ ಶೂಟಿನ ದಿನ ಗೊತ್ತುಮಾಡಬೇಡಿ. ದಾಸವಾಳ ಸಾಮಾನ್ಯವಾಗಿ ಒಂದೇ ದಿನದ ಹೂ. "ಅಣ್ಣಾ, ನಾಳೆ ಯಾವುದು ಬಿಡುತ್ತೆ?" ಅಂತ ಹಿಂದಿನ ಸಂಜೆಯೇ ಕೇಳಿದರೆ ಅವರು ಮೊಗ್ಗು ಮುಟ್ಟಿ ತೋರಿಸುತ್ತಾರೆ. ಆ ಕುಂಡಕ್ಕೆ ದಾರ ಕಟ್ಟಿಟ್ಟು ಬನ್ನಿ.